ಕುಡಿದರೇ, ಕುಡಿಸಿದರೇ? ಜೋನ್ಸ್‌ಟೌನ್‌ನ 918 ಸಾವುಗಳು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಮಾಡಿದವರ ಕಿವಿಗೆ ‘ಅವನು ಕೂಲ್‌ಏಡ್ ಕುಡಿದಿದ್ದಾನೆ’ ಎಂಬ ಮಾತು ಒಮ್ಮೆಯಾದರೂ ಬಿದ್ದಿರುತ್ತದೆ. ಮೇಲಿನವರು ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ನಂಬಿ ಶನಿವಾರವೂ ಲ್ಯಾಪ್‌ಟಾಪ್ ತೆರೆದು ಕೂರುವ ಸಹೋದ್ಯೋಗಿಯನ್ನು ಕುರಿತ ಕುಹಕ ಅದು. ಅಮೆರಿಕದ ಗ್ರಾಹಕರ ಬಾಯಿಂದ ಕೇಳಿ ನಾವು ಕಲಿತದ್ದು. ನಾನೂ ಹಲವು ಸಲ ಆಡಿದ್ದೇನೆ, ಆಡಿ ನಕ್ಕಿದ್ದೇನೆ. ಕೂಲ್‌ಏಡ್ ಎಂದರೆ ನಮ್ಮ ರಸ್ನಾ ಇದ್ದ ಹಾಗೆ, ನೀರಿಗೆ ಬೆರೆಸಿ ಮಕ್ಕಳಿಗೆ ಕೊಡುವ ಬಣ್ಣದ ಪುಡಿ. ಅದನ್ನು ಕುಡಿದವನು ಪೆದ್ದನೇಕೆ ಆಗಬೇಕು ಎಂದು ಬಹಳ ಕಾಲ ಯೋಚಿಸಿಯೇ ಇರಲಿಲ್ಲ. ಒಂದು ದಿನ ಹುಡುಕಿ ಓದಿದೆ. ಆಮೇಲೆ ಆ ಮಾತು ನನ್ನ ಬಾಯಿಗೆ ಬಂದಿಲ್ಲ.

1978ರ ನವೆಂಬರ್ 18ರ ಶನಿವಾರ ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ 918 ಜನ ಸತ್ತರು. ಅವರಲ್ಲಿ 909 ಮಂದಿ ಸತ್ತದ್ದು ಜಿಮ್ ಜೋನ್ಸ್ ಎಂಬ ಅಮೆರಿಕನ್ ಪಾದ್ರಿಯ ಅನುಯಾಯಿಗಳು ಕಾಡಿನ ನಡುವೆ ಕಟ್ಟಿದ ಜೋನ್ಸ್‌ಟೌನ್ ಎಂಬ ವಸಾಹತಿನಲ್ಲಿ, ಹೆಚ್ಚಿನವರು ವಿಷ ಬೆರೆಸಿದ ಪಾನೀಯದಿಂದ. ಸತ್ತವರಲ್ಲಿ 300ಕ್ಕೂ ಹೆಚ್ಚು ಮಂದಿ ಹದಿನೆಂಟು ತುಂಬದವರು. ಅಲ್ಲೇ ಹುಟ್ಟಿದ ಹಸುಗೂಸುಗಳೂ ಇದ್ದವು. ಮರುದಿನದಿಂದಲೇ ಜಗತ್ತಿನ ಪತ್ರಿಕೆಗಳು ಇದಕ್ಕೆ ಕೊಟ್ಟ ಹೆಸರು ‘ಸಾಮೂಹಿಕ ಆತ್ಮಹತ್ಯೆ’. ಆ ಹೆಸರು ಈಗಲೂ ಅಂಟಿಕೊಂಡಿದೆ.

ಕೂಲ್‌ಏಡ್ ಮಾತಿನಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಸಣ್ಣದು: ಅಂದು ಬಳಸಿದ್ದು ಬಹುಮಟ್ಟಿಗೆ ಫ್ಲೇವರ್ ಏಡ್ ಎಂಬ ಇನ್ನೊಂದು ಅಗ್ಗದ ಪುಡಿ. ಎರಡನೆಯ ತಪ್ಪು ಕ್ರಿಯಾಪದದ್ದು. ಕನ್ನಡ ವ್ಯಾಕರಣದಲ್ಲಿ ಪ್ರೇರಣಾರ್ಥಕ ಎಂಬುದೊಂದಿದೆ, ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಕುಡಿ ಎಂಬುದಕ್ಕೆ ‘ಇಸು’ ಸೇರಿಸಿದರೆ ಕುಡಿಸು. ಒಂದು ಪ್ರತ್ಯಯದಿಂದ ಕೆಲಸ ಮಾಡಿದವನೇ ಬದಲಾಗುತ್ತಾನೆ. ಆರು ತಿಂಗಳ ಕೂಸಿನ ಬಗ್ಗೆ ಬರೆಯುವಾಗ ಯಾವ ಕನ್ನಡಿಗನೂ ‘ವಿಷ ಕುಡಿಯಿತು’ ಎಂದು ಬರೆಯಲಾರ. ‘ಕುಡಿಸಿದರು’ ಎಂದೇ ಬರೆಯುತ್ತಾನೆ. ಕೂಸುಗಳ ಮಟ್ಟಿಗೆ ಇದು ಸುಲಭ. ಎಪ್ಪತ್ತು ವರ್ಷದ ಮುದುಕಿಯ ಮಟ್ಟಿಗೆ ಯಾವ ಕ್ರಿಯಾಪದ ಬಳಸಬೇಕು? ಈ ಪ್ರಕರಣವನ್ನು ನಾನು ಓದಿದ್ದು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು.

ಯಾರು ಹೋದರು, ಏಕೆ ಹೋದರು

ಜಿಮ್ ಜೋನ್ಸ್ ಹುಟ್ಟಿದ್ದು 1931ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. 1950ರ ದಶಕದ ಮಧ್ಯದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅವನು ಕಟ್ಟಿದ ಚರ್ಚಿಗೆ ಕೊನೆಗೆ ಉಳಿದ ಹೆಸರು ಪೀಪಲ್ಸ್ ಟೆಂಪಲ್. ಕಪ್ಪು ಜನರೂ ಬಿಳಿಯರೂ ಒಂದೇ ಸಾಲಿನಲ್ಲಿ ಕೂರುವ ಚರ್ಚು ಆ ಊರಿನಲ್ಲಿ ಆಗ ಅಪರೂಪ. ಅವನೂ ಅವನ ಹೆಂಡತಿ ಮಾರ್ಸಲೀನ್ ಕೂಡ ಬಿಳಿಯರು. ಕಪ್ಪು ಮಗುವನ್ನೂ ಕೊರಿಯಾದ ಮಕ್ಕಳನ್ನೂ ದತ್ತು ತೆಗೆದುಕೊಂಡಿದ್ದರು. 1961ರಲ್ಲಿ ಅವನನ್ನು ನಗರದ ಮಾನವ ಹಕ್ಕು ಆಯೋಗದ ನಿರ್ದೇಶಕನನ್ನಾಗಿ ನೇಮಿಸಲಾಯಿತು. ಇದೆಲ್ಲ ಬರಿಯ ನಾಟಕವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬರಿಯ ನಾಟಕವಾಗಿದ್ದರೆ ಅಷ್ಟು ಜನ ಅಷ್ಟು ವರ್ಷ ಅವನ ಜೊತೆ ಉಳಿಯುತ್ತಿರಲಿಲ್ಲ.

ನಾಟಕವೂ ಇತ್ತು, ಬೇಕಾದಷ್ಟಿತ್ತು. ಸಭೆಯಲ್ಲಿ ಕ್ಯಾನ್ಸರ್ ವಾಸಿ ಮಾಡುವುದು ಅವನ ಹೆಸರಾಂತ ಪವಾಡ. ರೋಗಿಯ ದೇಹದಿಂದ ಹೊರಬಂದ ಗಡ್ಡೆಯೆಂದು ಬಟ್ಟೆಯಲ್ಲಿ ಹಿಡಿದು ತೋರಿಸುತ್ತಿದ್ದದ್ದು ಕೋಳಿಯ ಕರುಳಿನ ತುಣುಕು. ಆಪ್ತ ಬಳಗಕ್ಕೆ ಇದು ಗೊತ್ತಿತ್ತು. ದೊಡ್ಡ ಕೆಲಸಕ್ಕೆ ಸಣ್ಣ ಸುಳ್ಳು ಇರಲಿ ಎಂದು ಅವರು ಸುಮ್ಮನಿದ್ದರು. ಮುಂದೆ ಆದದ್ದಕ್ಕೆಲ್ಲ ಮೊದಲ ಪಾಠ ಇಲ್ಲೇ ನಡೆಯಿತು ಎಂದು ನನ್ನ ಎಣಿಕೆ.

1965ರಲ್ಲಿ ಅವನು ಅನುಯಾಯಿಗಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ. ಮೊದಲು ಉತ್ತರದ ರೆಡ್‌ವುಡ್ ವ್ಯಾಲಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟೆಂಪಲ್ ನೆಲೆಯೂರಿದ್ದು ಫಿಲ್‌ಮೋರ್ ಬಡಾವಣೆಯಲ್ಲಿ. ದಕ್ಷಿಣದ ರಾಜ್ಯಗಳ ಜನಾಂಗದ್ವೇಷದಿಂದ ತಪ್ಪಿಸಿಕೊಂಡು ಬಂದ ಕಪ್ಪು ಕುಟುಂಬಗಳು ಯುದ್ಧಕಾಲದಿಂದ ಕಟ್ಟಿಕೊಂಡಿದ್ದ ಬಡಾವಣೆ ಅದು. ನಗರ ಪುನರಾಭಿವೃದ್ಧಿಯ ಹೆಸರಿನಲ್ಲಿ ಸರ್ಕಾರ ಅಲ್ಲಿನ ಮನೆಗಳನ್ನು ಬೀದಿಬೀದಿಯಾಗಿ ಕೆಡವುತ್ತಿತ್ತು. ನೆರೆಹೊರೆ ಚೆದುರಿತು. ಒಂಟಿ ಮುದುಕಿಯರು ಬಾಡಿಗೆ ಕೋಣೆಗಳಲ್ಲಿ ಉಳಿದರು. ಅಂಥವರ ಬಾಗಿಲು ತಟ್ಟಿದ್ದು ಟೆಂಪಲ್. ಊಟ ಕೊಟ್ಟಿತು, ವೃದ್ಧರನ್ನು ನೋಡಿಕೊಂಡಿತು, ಮಾದಕ ವ್ಯಸನಿಗಳನ್ನು ಬಿಡಿಸಿತು, ಕೋರ್ಟಿನ ಕೆಲಸಕ್ಕೆ ವಕೀಲರನ್ನು ಕೊಟ್ಟಿತು. ಪ್ರತಿಯಾಗಿ ಮೊದಲು ಆದಾಯದ ಪಾಲು ಕೇಳಿತು. ಆಮೇಲೆ ಮನೆಪತ್ರ ಕೇಳಿತು, ಪಿಂಚಣಿಯ ಚೆಕ್ ಕೇಳಿತು.

ರಾಜಕಾರಣಿಗಳಿಗೂ ಅದು ಬೇಕಾಗಿತ್ತು. ಕರೆದಾಗ ಬಸ್ಸು ತುಂಬ ಜನ ಬರುತ್ತಿದ್ದರು, ಬೇರೇನು ಬೇಕು? 1975ರ ಮೇಯರ್ ಚುನಾವಣೆಯಲ್ಲಿ ಜಾರ್ಜ್ ಮಾಸ್ಕೊನಿ ಪರವಾಗಿ ಟೆಂಪಲ್ ಸದಸ್ಯರು ಮನೆಮನೆ ಸುತ್ತಿದರು. ಮರುವರ್ಷ ಜೋನ್ಸ್‌ಗೆ ನಗರದ ವಸತಿ ಪ್ರಾಧಿಕಾರದಲ್ಲಿ ಸ್ಥಾನ ಸಿಕ್ಕಿತು, ಅದರ ಅಧ್ಯಕ್ಷನೂ ಆದ. ಮನೆ ಕಳೆದುಕೊಂಡವರ ಪಾದ್ರಿಯೇ ಮನೆ ಹಂಚುವ ಕಚೇರಿಯ ಅಧ್ಯಕ್ಷ.

1977ರಲ್ಲಿ ಮಾಜಿ ಸದಸ್ಯರು ಪತ್ರಕರ್ತರ ಮುಂದೆ ಬಾಯಿಬಿಟ್ಟರು. ಸಾರ್ವಜನಿಕ ಹೊಡೆತ, ಆಸ್ತಿ ಕಬಳಿಕೆ, ಸುಳ್ಳು ಪವಾಡ, ಎಲ್ಲವೂ ಹೊರಬಂದವು. ವರದಿ ಅಚ್ಚಾಗುವ ಹೊತ್ತಿಗೆ ಜೋನ್ಸ್ ದೇಶ ಬಿಟ್ಟಿದ್ದ. ಗಯಾನಾದಲ್ಲಿ ಟೆಂಪಲ್ ಆಗಲೇ ಸುಮಾರು 3,800 ಎಕರೆ ಕಾಡನ್ನು ಗೇಣಿಗೆ ಪಡೆದು ಕೃಷಿ ಆರಂಭಿಸಿತ್ತು.

ಗಯಾನಾ ನಮಗೆ ತೀರ ಅಪರಿಚಿತ ದೇಶವಲ್ಲ. ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತದಿಂದ ಹಡಗು ಹತ್ತಿದವರ ಸಂತತಿಯೇ ಅಲ್ಲಿ ಇವತ್ತಿಗೂ ಅತಿ ದೊಡ್ಡ ಜನವರ್ಗ. ದಕ್ಷಿಣ ಅಮೆರಿಕದಲ್ಲಿ ಇಂಗ್ಲಿಷ್ ಆಡಳಿತ ಭಾಷೆಯಾಗಿರುವ ಒಂದೇ ದೇಶವೂ ಅದೇ. ಫೋರ್ಬ್ಸ್ ಬರ್ನ್‌ಹ್ಯಾಮ್ ಸರ್ಕಾರ ತನ್ನನ್ನು ಸಮಾಜವಾದಿ ಎಂದು ಕರೆದುಕೊಳ್ಳುತ್ತಿತ್ತು. ಟೆಂಪಲ್‌ಗೆ ಕೊಟ್ಟ ಜಾಗ ವೆನೆಜುವೆಲಾ ತನ್ನದೆಂದು ಹೇಳಿಕೊಳ್ಳುವ ಎಸೆಕಿಬೊ ಪ್ರದೇಶದಲ್ಲಿತ್ತು. ಅಲ್ಲಿ ಸಾವಿರ ಅಮೆರಿಕನ್ನರು ಬೀಡುಬಿಟ್ಟರೆ ಗಡಿಗೆ ಪುಕ್ಕಟೆ ಕಾವಲು.

ಕಾಡಿನಲ್ಲಿ ಒಂದು ಊರು

ಹೋದವರು ಸುಮಾರು ಸಾವಿರ ಜನ. ಅವರಲ್ಲಿ ಮೂರನೇ ಎರಡಕ್ಕೂ ಹೆಚ್ಚು ಮಂದಿ ಕಪ್ಪು ಜನ. ಕಪ್ಪು ಹೆಂಗಸರೇ ಅರ್ಧದ ಹತ್ತಿರ. ‘ಹುಚ್ಚು ಹಿಪ್ಪಿಗಳ ಗುಂಪು’ ಎಂಬ ಚಿತ್ರ ನಮ್ಮ ತಲೆಯಲ್ಲಿದ್ದರೆ ಅಳಿಸಿಹಾಕಬೇಕು. ಅಜ್ಜಿ, ಮಗಳು, ಮೊಮ್ಮಕ್ಕಳು, ಹೀಗೆ ಮೂರು ತಲೆಮಾರು ಒಟ್ಟಿಗೆ ಹೋದ ಮನೆತನಗಳಿದ್ದವು. ಬಣ್ಣದ ಕಾರಣಕ್ಕೆ ಯಾರೂ ಉಗಿಯದ ಊರೊಂದನ್ನು ಸ್ವಂತ ಕೈಯಿಂದ ಕಟ್ಟುತ್ತೇವೆ ಎಂಬ ಆಸೆ ಅವರದು. ಕಟ್ಟಿದರು ಕೂಡ. ಮರ ಕೊಯ್ಯುವ ಗಿರಣಿ, ಮರದ ಮನೆಗಳ ಸಾಲು, ಶಾಲೆ, ಶಿಶುವಿಹಾರ, ಆಸ್ಪತ್ರೆ, ಮರಗೆಣಸಿನ ಹೊಲ. ನಡುವೆ ಗೋಡೆಯಿಲ್ಲದ ದೊಡ್ಡ ಸಭಾಮಂಟಪ.

ಆ ಮಂಟಪದಲ್ಲಿ ಜೋನ್ಸ್ ಕೂರುವ ಕುರ್ಚಿಯ ಮೇಲ್ಗಡೆ ಒಂದು ಹಲಗೆ ತೂಗುತ್ತಿತ್ತು. ಹಿಂದಿನದನ್ನು ನೆನಪಿಡದವರಿಗೆ ಅದನ್ನೇ ಮತ್ತೆ ಅನುಭವಿಸುವ ಶಿಕ್ಷೆ ಎಂಬ ಪ್ರಸಿದ್ಧ ಮಾತು ಅದರ ಮೇಲಿತ್ತು. ನವೆಂಬರ್ 18ರ ನಂತರ ತೆಗೆದ ಫೋಟೊಗಳಲ್ಲಿ ಆ ಹಲಗೆ ಹಾಗೇ ತೂಗುತ್ತಿದೆ. ಕೆಳಗೆ ಶವಗಳು.

ಬಂದಿಳಿದ ಕೂಡಲೇ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಿದ್ದರು. ಪತ್ರಗಳನ್ನು ಓದಿ ತಿದ್ದಿಸಿ ಕಳಿಸುತ್ತಿದ್ದರು. ಹಗಲೂ ರಾತ್ರಿ ಧ್ವನಿವರ್ಧಕದಲ್ಲಿ ಜೋನ್ಸ್‌ನ ದನಿ. ಮಾದಕ ಮಾತ್ರೆಗಳಿಗೆ ದಾಸನಾಗಿದ್ದ ಅವನ ನಾಲಗೆ ಕೊನೆಕೊನೆಗೆ ತೊದಲುತ್ತಿತ್ತು. ಹೊರಗಿನ ಸುದ್ದಿಯೆಂದರೆ ಅವನು ಓದಿ ಹೇಳಿದ್ದಷ್ಟೇ: ಅಮೆರಿಕದಲ್ಲಿ ಕಪ್ಪು ಜನರನ್ನು ಶಿಬಿರಗಳಿಗೆ ತಳ್ಳುತ್ತಾರೆ, ಸಿಐಎ ನಮ್ಮ ಮೇಲೆ ಬರುತ್ತಿದೆ, ಮಕ್ಕಳನ್ನು ಚಿತ್ರಹಿಂಸೆ ಮಾಡುತ್ತಾರೆ. ತಪ್ಪು ಮಾಡಿದವರಿಗೆ ಕಷ್ಟದ ಕೂಲಿ, ಓಡಲು ನೋಡಿದವರಿಗೆ ಮಂಪರು ಬರಿಸುವ ಔಷಧ. ಸುತ್ತಲೂ ಕಾಡು. ಹತ್ತಿರದ ಊರು ಪೋರ್ಟ್ ಕೈಟುಮಾ, ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ರಾಜಧಾನಿ ಜಾರ್ಜ್‌ಟೌನ್‌ಗೆ ವಿಮಾನ ಅಥವಾ ದೋಣಿ.

‘ಬಿಳಿ ರಾತ್ರಿ’ ಎಂದು ಅಲ್ಲಿ ಕರೆಯುತ್ತಿದ್ದದ್ದು ತುರ್ತು ಸಭೆಗಳನ್ನು. ನಡುರಾತ್ರಿ ಸೈರನ್ ಕೂಗುತ್ತದೆ, ಎಲ್ಲರೂ ಮಂಟಪಕ್ಕೆ ಓಡಬೇಕು, ಶತ್ರು ಬರುತ್ತಿದ್ದಾನೆ. ಅಂಥ ಒಂದು ರಾತ್ರಿಯ ವಿವರವನ್ನು, 1978ರ ಮೇಯಲ್ಲಿ ತಪ್ಪಿಸಿಕೊಂಡು ಬಂದ ಡೆಬ್ರಾ ಲೇಟನ್ ಜೂನ್‌ನಲ್ಲಿ ಪ್ರಮಾಣಪತ್ರದಲ್ಲಿ ಬರೆದು ಕೊಟ್ಟರು. ಮಕ್ಕಳೂ ಸೇರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಣ್ಣ ಲೋಟದಲ್ಲಿ ಕೆಂಪು ಪಾನೀಯ ಕೊಟ್ಟರು. ಇದರಲ್ಲಿ ವಿಷವಿದೆ, ನಲವತ್ತೈದು ನಿಮಿಷದಲ್ಲಿ ಸಾಯುತ್ತೀರಿ ಎಂದರು. ಎಲ್ಲರೂ ಹೇಳಿದಂತೆ ಮಾಡಿದರು. ಹೊತ್ತು ಕಳೆದ ಮೇಲೆ ಜೋನ್ಸ್, ವಿಷ ಇರಲಿಲ್ಲ, ನಿಮ್ಮ ನಿಷ್ಠೆಯ ಪರೀಕ್ಷೆ ಎಂದ.

ಈ ಪ್ರಮಾಣಪತ್ರ ಅಮೆರಿಕದ ಅಧಿಕಾರಿಗಳ ಕೈ ಸೇರಿತ್ತು. ಸಾವಿಗೆ ಐದು ತಿಂಗಳ ಮೊದಲು.

ತಾಲೀಮು ಎಂಬುದು ಎರಡು ಕೆಲಸ ಮಾಡುತ್ತದೆ. ಲೋಟ ಕಂಡ ಕೈ ತಾನಾಗಿ ಮುಂದೆ ಬರುವಂತೆ ಮಾಡುವುದು ಒಂದು. ಇನ್ನೊಂದನ್ನು ನಾವು ಮರೆಯುತ್ತೇವೆ: ಇದೂ ಹಿಂದಿನ ಸಲದಂತೆ ಪರೀಕ್ಷೆಯೇ ಇರಬೇಕು ಎಂಬ ನಂಬಿಕೆಯನ್ನು ಉಳಿಸುವುದು. ನವೆಂಬರ್ 18ರಂದು ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿ ಇದು ನಿಜವೆಂದು ತಿಳಿದು ನಿಂತಿದ್ದರು, ಎಷ್ಟು ಮಂದಿ ಇದೂ ಮುಗಿದು ಬೆಳಿಗ್ಗೆ ಹೊಲಕ್ಕೆ ಹೋಗಬೇಕಾಗುತ್ತದೆ ಎಂದುಕೊಂಡಿದ್ದರು? ‘ಆತ್ಮಹತ್ಯೆ’ ಎಂಬ ಪದ ಈ ಪ್ರಶ್ನೆಗೆ ಜಾಗವನ್ನೇ ಬಿಡುವುದಿಲ್ಲ.

ಎರಡು ದಿನ

ಲಿಯೊ ರಯನ್ ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊ ಕಡೆಯ ಸಂಸದ. ವಿಷಯವನ್ನು ಕಣ್ಣಾರೆ ನೋಡಬೇಕೆನ್ನುವ ಸ್ವಭಾವದವನು. ಹಿಂದೊಮ್ಮೆ ಜೈಲಿನ ಸ್ಥಿತಿ ತಿಳಿಯಲು ತಾನೇ ಕೈದಿಯಂತೆ ಫೋಲ್ಸಮ್ ಜೈಲಿನಲ್ಲಿ ದಿನ ಕಳೆದಿದ್ದ. ಟೆಂಪಲ್ ಸದಸ್ಯರ ಕುಟುಂಬದವರು ದೂರು ತಂದಾಗ ಗಯಾನಾಕ್ಕೆ ಹೊರಟ. ಜೊತೆಗೆ ಪತ್ರಕರ್ತರು, ಕೆಲವು ಸಂಬಂಧಿಕರು, ಮತ್ತು ಅವನ ಕಚೇರಿಯ ವಕೀಲೆ ಜಾಕಿ ಸ್ಪೀಯರ್, ಆಗ 28 ವರ್ಷ.

ನವೆಂಬರ್ 17ರ ಸಂಜೆ ಜೋನ್ಸ್‌ಟೌನ್‌ನಲ್ಲಿ ಹಾಡು ಕುಣಿತದ ಸ್ವಾಗತ. ರಯನ್ ಮೈಕ್ ಹಿಡಿದು, ತಮ್ಮ ಬದುಕಿನಲ್ಲಿ ಆದ ಅತ್ಯುತ್ತಮ ಸಂಗತಿಯೇ ಇದು ಎಂದು ಭಾವಿಸುವವರು ಇಲ್ಲಿದ್ದಾರೆ ಎಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅದೇ ರಾತ್ರಿ ಒಬ್ಬ ಯುವಕ, ರಯನ್ ಎಂದು ತಪ್ಪು ತಿಳಿದು ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿಯ ವರದಿಗಾರ ಡಾನ್ ಹ್ಯಾರಿಸ್‌ನ ಕೈಗೆ ಒಂದು ಚೀಟಿ ತುರುಕಿದ. ಇಲ್ಲಿಂದ ಹೊರಬರಲು ಸಹಾಯ ಮಾಡಿ ಎಂಬ ಬೇಡಿಕೆ, ಎರಡು ಹೆಸರು.

ಮರುದಿನ ಬೆಳಿಗ್ಗೆಯೇ ಹನ್ನೊಂದು ಮಂದಿ ಪಿಕ್ನಿಕ್‌ಗೆ ಹೊರಟವರಂತೆ ನಟಿಸಿ ಕಾಡಿಗೆ ಜಾರಿ, ರೈಲುಹಳಿ ಹಿಡಿದು ಮ್ಯಾಥ್ಯೂಸ್ ರಿಜ್ ಕಡೆಗೆ ಮೈಲಿಗಟ್ಟಲೆ ನಡೆದರು. ಅವರಲ್ಲೊಬ್ಬ ತಾಯಿ ಮೂರು ವರ್ಷದ ಮಗನನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಹದಿನೈದರಷ್ಟು ಮಂದಿ ರಯನ್ ಜೊತೆ ಹೊರಡುತ್ತೇವೆಂದು ಬಹಿರಂಗವಾಗಿ ಮುಂದೆ ಬಂದರು. ಒಮ್ಮೆಲೇ ಬಿರುಮಳೆ ಸುರಿಯಿತು. ಹೊರಡುವ ಮುನ್ನ ಟೆಂಪಲ್‌ನವನೊಬ್ಬ ರಯನ್ ಕುತ್ತಿಗೆಗೆ ಚೂರಿ ಹಿಡಿದ, ಇತರರು ಬಿಡಿಸಿದರು. ಕೆಸರಿನ ದಾರಿಯಲ್ಲಿ ಟ್ರಕ್ಕು ಪೋರ್ಟ್ ಕೈಟುಮಾದ ವಿಮಾನಪಟ್ಟಿ ತಲುಪಿತು. ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಬಂದೂಕಿನವರು ಬಂದರು. ರಯನ್, ಡಾನ್ ಹ್ಯಾರಿಸ್, ಕ್ಯಾಮೆರಾಮನ್ ಬಾಬ್ ಬ್ರೌನ್, ಛಾಯಾಗ್ರಾಹಕ ಗ್ರೆಗ್ ರಾಬಿನ್ಸನ್ ಮತ್ತು ಊರು ಬಿಟ್ಟು ಹೊರಟಿದ್ದ ಒಬ್ಬ ಹೆಂಗಸು, ಐವರು ಅಲ್ಲೇ ಸತ್ತರು. ಬಾಬ್ ಬ್ರೌನ್ ಗುಂಡು ತಗಲುವವರೆಗೂ ಚಿತ್ರೀಕರಿಸುತ್ತಲೇ ಇದ್ದ. ಐದು ಗುಂಡು ತಿಂದ ಸ್ಪೀಯರ್ ಸುಮಾರು 22 ತಾಸು ನೆರವಿಲ್ಲದೆ ಬಿದ್ದಿದ್ದರು. ಬದುಕಿದರು. ಮುಂದೆ 2008ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ 2023ರ ಜನವರಿಯವರೆಗೂ ಅಲ್ಲಿದ್ದರು.

ಜೋನ್ಸ್‌ಟೌನ್‌ನಲ್ಲಿ ಆ ಹೊತ್ತಿಗೆ ಸಭೆ ಸೇರಿತ್ತು. ಸುಮಾರು 44 ನಿಮಿಷದ ಧ್ವನಿಮುದ್ರಣವೊಂದು ಉಳಿದಿದೆ. ಎಫ್‌ಬಿಐ ಅದಕ್ಕೆ ಕೊಟ್ಟ ಗುರುತು ಕ್ಯೂ 042. ನಾನು ಅದನ್ನು ಪೂರ್ತಿ ಕೇಳಿಲ್ಲ, ಕೇಳಲು ಆಗಲಿಲ್ಲ, ಲಿಪ್ಯಂತರ ಓದಿದೆ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಹೆಂಗಸಿನ ದನಿ ಇದೆ. ಅರವತ್ತರ ಆಸುಪಾಸಿನ, ಲಾಸ್ ಏಂಜಲೀಸ್‌ನಿಂದ ಬಂದ ಕಪ್ಪು ಮಹಿಳೆ. ಅವರು ಎದ್ದು ನಿಂತು ಕೇಳುತ್ತಾರೆ: ರಷ್ಯಾಕ್ಕೆ ಹೋಗುವ ಮಾತಿತ್ತಲ್ಲ, ಅದಕ್ಕೆ ಕಾಲ ಮಿಂಚಿತೇ? ಹೋದವರು ಕೆಲವೇ ಮಂದಿ, ಅಷ್ಟಕ್ಕೆ ಇಷ್ಟು ಜನ ಪ್ರಾಣ ಬಿಡಬೇಕೇ? ಜೀವ ಇರುವ ತನಕ ಆಸೆ ಇದೆ ಎನ್ನುತ್ತಾರೆ. ಕೂಸುಗಳನ್ನು ನೋಡಿದರೆ ಅವು ಬದುಕಬೇಕು ಅನಿಸುತ್ತದೆ ಎನ್ನುತ್ತಾರೆ.

ಜೋನ್ಸ್ ಮೊದಮೊದಲು ಸಮಾಧಾನದಿಂದಲೇ ಉತ್ತರಿಸುತ್ತಾನೆ. ಆಮೇಲೆ ಉತ್ತರಿಸುವುದು ಅವನಲ್ಲ, ಗುಂಪು. ನೆರೆದವರೇ ಆಕೆಯ ಮೇಲೆ ಕೂಗುತ್ತಾರೆ, ಬಾಯಿ ಮುಚ್ಚಿಸುತ್ತಾರೆ. ಅಷ್ಟರಲ್ಲಿ ಸಂಸದನನ್ನು ಕೊಂದ ಸುದ್ದಿ ಬರುತ್ತದೆ. ಇನ್ನು ಹಿಂತಿರುಗುವ ದಾರಿಯಿಲ್ಲ ಎಂದು ಜೋನ್ಸ್ ಸಾರುತ್ತಾನೆ. ಇದು ಆತ್ಮಹತ್ಯೆಯಲ್ಲ, ಕ್ರಾಂತಿಕಾರಿ ಕೃತ್ಯ ಎನ್ನುತ್ತಾನೆ. ಅವನ ಬಾಯಲ್ಲೂ ‘ಆತ್ಮಹತ್ಯೆಯಲ್ಲ’. ಅವನ ಕಾರಣ ಬೇರೆ ಅಷ್ಟೇ.

ಮೊದಲು ಮಕ್ಕಳು. ಸೈನೈಡ್ ಬೆರೆತ ಪಾನೀಯವನ್ನು ಕೂಸುಗಳ ಬಾಯಿಗೆ ಸೂಜಿಯಿಲ್ಲದ ಸಿರಿಂಜಿನಿಂದ ಹಿಂಡಿದರು. ಈ ಕ್ರಮವನ್ನು ಯಾರು ಯೋಚಿಸಿದರೋ, ಅವರಿಗೆ ಮನುಷ್ಯರು ಚೆನ್ನಾಗಿ ಗೊತ್ತಿದ್ದರು. ಮಗು ಮಡಿಲಲ್ಲಿ ಸತ್ತ ಮೇಲೆ ತಾಯಿಗೆ ಎದ್ದು ಓಡಲು ಕಾರಣವೇನು ಉಳಿಯುತ್ತದೆ? ಮಂಟಪದ ಸುತ್ತ ಬಂದೂಕು ಹಿಡಿದ ಕಾವಲಿತ್ತು. ಧ್ವನಿಮುದ್ರಣದಲ್ಲಿ ಮಕ್ಕಳ ಅಳು ಕೇಳುತ್ತದೆ. ಅದರ ಮೇಲೆ ಜೋನ್ಸ್‌ನ ದನಿ, ಗೋಳಾಟ ನಿಲ್ಲಿಸಿ, ಘನತೆಯಿಂದ ಸಾಯಿರಿ ಎಂದು. ಅವನು ಸತ್ತದ್ದು ಪಾನೀಯದಿಂದಲ್ಲ, ತಲೆಗೆ ತಗಲಿದ ಗುಂಡಿನಿಂದ. ಜಾರ್ಜ್‌ಟೌನ್‌ನ ಟೆಂಪಲ್ ಮನೆಯಲ್ಲಿ, ರೇಡಿಯೊದಲ್ಲಿ ಬಂದ ಆದೇಶದ ನಂತರ ಒಬ್ಬ ತಾಯಿ ಮತ್ತು ಆಕೆಯ ಮೂವರು ಮಕ್ಕಳು ಸತ್ತರು. ಅಲ್ಲಿಗೆ 918.

ಕೆಲವೇ ಕೆಲವರು ಉಳಿದರು. ಒಬ್ಬ ಮುದುಕ ಹಳ್ಳದಲ್ಲಿ ಅಡಗಿದ. ಇಬ್ಬರು ಯುವಕರು ಬೇರೆ ಬೇರೆ ನೆಪ ಹೇಳಿ ಕಾವಲು ದಾಟಿದರು. 76 ವರ್ಷದ ಹಯಸಿಂತ್ ಥ್ರಾಶ್ ಸಭೆಗೆ ಹೋಗದೆ ತಮ್ಮ ಮನೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ಎದ್ದು ಹೊರಬಂದಾಗ ಊರಿನಲ್ಲಿ ಸದ್ದಿಲ್ಲ. ವೃದ್ಧರ ಮನೆಯೊಳಗೆ ಇಣುಕಿದರು. ಎಲ್ಲರ ಮೇಲೂ ಬಿಳಿ ಬಟ್ಟೆ ಹೊದಿಸಿತ್ತು. ಅವರ ತಂಗಿಯೂ ಸತ್ತವರಲ್ಲಿ ಒಬ್ಬರು.

ಎಣಿಕೆ

ಗಯಾನಾದ ಸೈನಿಕರು ಮರುದಿನ ತಲುಪಿ ಎಣಿಸಿದಾಗ ಸಿಕ್ಕ ಮೊದಲ ಲೆಕ್ಕ ಸುಮಾರು 400. ಸಿಕ್ಕ ಪಾಸ್‌ಪೋರ್ಟ್‌ಗಳ ಸಂಖ್ಯೆ ಅದರ ದುಪ್ಪಟ್ಟು. ಹಾಗಾದರೆ ಉಳಿದವರು ಕಾಡಿಗೆ ಓಡಿರಬೇಕು ಎಂದು ಎಲ್ಲರೂ ಅಂದುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಸಂಬಂಧಿಕರು ದೂರವಾಣಿಯ ಪಕ್ಕ ಕೂತು, ನಮ್ಮವರು ಓಡಿದವರ ಗುಂಪಿನಲ್ಲಿದ್ದಾರೆ ಎಂದು ದಿನಗಟ್ಟಲೆ ನಂಬಿದರು. ಶವಗಳನ್ನು ಎತ್ತಲು ತೊಡಗಿದಾಗ ನಿಜ ತಿಳಿಯಿತು. ದೊಡ್ಡವರ ಕೆಳಗೆ ಬೇರೆ ಶವಗಳಿದ್ದವು. ಮಕ್ಕಳು ಅವರಿಗಿಂತಲೂ ಕೆಳಗಿದ್ದರು. ಮೇಲಿನಿಂದ ಎಣಿಸಿದವರಿಗೆ ಮಕ್ಕಳು ಕಂಡಿರಲಿಲ್ಲ.

ಗಯಾನಾದ ರೋಗಶಾಸ್ತ್ರಜ್ಞ ಲೆಸ್ಲಿ ಮೂಟೂ ಸ್ಥಳದಲ್ಲಿ ಶವಗಳನ್ನು ಪರೀಕ್ಷಿಸಿದರು. ಉಷ್ಣವಲಯದ ಬಿಸಿಲು, ಕೊಳೆಯುತ್ತಿರುವ ನೂರಾರು ದೇಹ, ಬೆರಳೆಣಿಕೆಯ ಸಹಾಯಕರು. ಕೆಲವು ದೊಡ್ಡವರ ದೇಹಗಳಲ್ಲಿ, ತಾವೇ ಚುಚ್ಚಿಕೊಳ್ಳಲು ಆಗದ ಭಾಗದಲ್ಲಿ ಸೂಜಿಯ ಗುರುತು ಅವರಿಗೆ ಕಂಡವು. ಬಹಳ ಮಂದಿಯನ್ನು ಕೊಲ್ಲಲಾಗಿದೆ ಎಂಬುದು ಅವರ ನಿಲುವು. ಗಯಾನಾದ ವಿಚಾರಣೆಯಲ್ಲಿಯೂ ಬಹುಪಾಲು ಸಾವುಗಳನ್ನು ಕೊಲೆ ಎಂದೇ ಪರಿಗಣಿಸಲಾಯಿತು. ಅಮೆರಿಕದಲ್ಲಿ ಶವಪರೀಕ್ಷೆ ಆದದ್ದು ಬರೀ ಏಳು ದೇಹಗಳಿಗೆ, ಅದೂ ಕೆಡದಂತೆ ರಾಸಾಯನಿಕ ತುಂಬಿಸಿದ ಮೇಲೆ. 900ಕ್ಕೂ ಹೆಚ್ಚು ನಾಗರಿಕರು ಒಂದೇ ದಿನ ಸತ್ತಾಗ ಒಂದು ಶ್ರೀಮಂತ ದೇಶ ಮಾಡಿದ ತನಿಖೆ ಇದು. ಸತ್ತವರು ಬೇರೆ ಬಡಾವಣೆಯವರಾಗಿದ್ದರೆ ಸಂಖ್ಯೆ ಏಳಕ್ಕೇ ನಿಲ್ಲುತ್ತಿತ್ತೇ ಎಂದು ಕೇಳದೆ ಇರಲಾಗುವುದಿಲ್ಲ. ರಯನ್ ಕೊಲೆಯ ಸಂಬಂಧ ಅಮೆರಿಕದಲ್ಲಿ ಶಿಕ್ಷೆಯಾದದ್ದು ಒಬ್ಬನಿಗೆ, ಲ್ಯಾರಿ ಲೇಟನ್‌ಗೆ. 1986ರಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತು, 2002ರಲ್ಲಿ ಬಿಡುಗಡೆಯಾದ.

ಶವಗಳನ್ನು ತಮ್ಮ ನೆಲದಲ್ಲಿ ಹೂಳಲು ಗಯಾನಾ ಒಪ್ಪಲಿಲ್ಲ. ಅಮೆರಿಕದ ಸೇನಾ ವಿಮಾನಗಳು ಅವನ್ನು ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಗೆ ಒಯ್ದವು. ದೇಶದ ಪೂರ್ವ ತುದಿ ಅದು. ಸತ್ತವರ ಮನೆಯವರಿದ್ದದ್ದು ಪಶ್ಚಿಮ ತುದಿಯಲ್ಲಿ. ಹೋಗಿ ಗುರುತಿಸಿ ತರುವ ಶಕ್ತಿ ಎಷ್ಟು ಬಡವರಿಗಿತ್ತು? ಮಕ್ಕಳಿಗೆ ಬೆರಳಚ್ಚಿನ ದಾಖಲೆ ಇರಲಿಲ್ಲ. ಕೆಲವು ಮನೆಗಳಲ್ಲಿ ತರಲು ಯಾರೂ ಉಳಿದಿರಲಿಲ್ಲ. ಇನ್ನು ಕೆಲವರು ನಾಚಿಕೆಯಿಂದ ಮುಂದೆ ಬರಲಿಲ್ಲ. ಡೆಲವೇರ್‌ನಲ್ಲಿ ಸಾಮೂಹಿಕ ಸಮಾಧಿಗೆ ವಿರೋಧ ಬಂತು, ಬೇರೆ ಸ್ಮಶಾನಗಳೂ ಒಲ್ಲೆ ಎಂದವು. ಕೊನೆಗೆ 1979ರಲ್ಲಿ ಓಕ್‌ಲ್ಯಾಂಡ್‌ನ ಎವರ್‌ಗ್ರೀನ್ ಸ್ಮಶಾನ ಒಪ್ಪಿತು. ಗುರುತಿಸದ ಮತ್ತು ಯಾರೂ ಕೇಳಿ ಬಾರದ 400ಕ್ಕೂ ಹೆಚ್ಚು ದೇಹಗಳನ್ನು ಅಲ್ಲಿನ ಗುಡ್ಡದ ಇಳಿಜಾರಿನಲ್ಲಿ ಹೂಳಿದರು. ಅವರಲ್ಲಿ ಬಹಳಷ್ಟು ಮಕ್ಕಳು.

ಕಲ್ಲಿನ ಮೇಲಿನ ಹೆಸರು

ಅದೇ ಎವರ್‌ಗ್ರೀನ್‌ನಲ್ಲಿ ಪ್ರತಿ ನವೆಂಬರ್ 18ರಂದು ಜನ ಸೇರುತ್ತಾರೆ. ಬಹಳ ವರ್ಷ ಈ ಸ್ಮರಣೆಯನ್ನು ನಡೆಸಿಕೊಂಡು ಬಂದವರು ಪಾದ್ರಿ ಜೈನೋನಾ ನಾರ್ವುಡ್. ಅವರ ತಾಯಿಯೂ ಸೇರಿ ಬಂಧುಬಳಗದ 27 ಮಂದಿ ಜೋನ್ಸ್‌ಟೌನ್‌ನಲ್ಲಿ ಸತ್ತಿದ್ದರು. ದೊಡ್ಡ ಸ್ಮಾರಕ ಕಟ್ಟಬೇಕು, ಅದರಲ್ಲಿ ಜಿಮ್ ಜೋನ್ಸ್ ಹೆಸರು ಇರಕೂಡದು ಎಂಬುದು ಅವರ ಹಟ.

2011ರಲ್ಲಿ ಇನ್ನೊಂದು ಗುಂಪು ನಾಲ್ಕು ಗ್ರಾನೈಟ್ ಫಲಕಗಳನ್ನು ಅಲ್ಲಿ ಹಾಸಿತು. 918 ಹೆಸರುಗಳೂ ಅಕಾರಾದಿಯಲ್ಲಿ, ಜೋನ್ಸ್ ಹೆಸರೂ ಅವುಗಳ ನಡುವೆ. ನಾರ್ವುಡ್ ಕೋರ್ಟಿಗೆ ಹೋದರು, ತಡೆ ಸಿಗಲಿಲ್ಲ. ಫಲಕ ಹಾಕಿಸಿದವರೂ ಹೊರಗಿನವರಲ್ಲ. ಅವರಲ್ಲೊಬ್ಬ ಜಿಮ್ ಜೋನ್ಸ್ ಜೂನಿಯರ್, ಜೋನ್ಸ್ ದತ್ತು ಪಡೆದ ಕಪ್ಪು ಮಗ. ಆ ದಿನ ಟೆಂಪಲ್‌ನ ಬಾಸ್ಕೆಟ್‌ಬಾಲ್ ತಂಡದೊಂದಿಗೆ ಜಾರ್ಜ್‌ಟೌನ್‌ನಲ್ಲಿದ್ದುದರಿಂದ ಉಳಿದವನು. ಬಸುರಿ ಹೆಂಡತಿಯನ್ನು ಕಳೆದುಕೊಂಡಿದ್ದ. ಇನ್ನೊಬ್ಬರು ಫೀಲ್ಡಿಂಗ್ ಮೆಗೀ. ಅವರ ಹೆಂಡತಿ, ಧರ್ಮಗಳ ಅಧ್ಯಯನ ಮಾಡಿದ ರೆಬೆಕಾ ಮೂರ್. ಮೂರ್ ಅವರ ಅಕ್ಕ ಮತ್ತು ತಂಗಿ ಇಬ್ಬರೂ ಜೋನ್ಸ್‌ನ ತೀರ ಆಪ್ತ ವಲಯದಲ್ಲಿದ್ದು ಅಲ್ಲೇ ಸತ್ತವರು. ಕುಡಿಸಿದವರ ಸಾಲಿನಲ್ಲಿ ನಿಲ್ಲಬೇಕಾದವರು. ಅವರಿಗೂ ಅಳುವ ಮನೆಯವರಿದ್ದಾರೆ. ಅಂದು ಸತ್ತವರೆಲ್ಲರ ದಾಖಲೆ ಇದು, ಗೌರವಪಟ್ಟಿಯಲ್ಲ ಎಂಬುದು ಈ ಗುಂಪಿನ ವಾದ.

ನನಗೆ ನಾರ್ವುಡ್ ಅವರ ಸಿಟ್ಟು ಅರ್ಥವಾಗುತ್ತದೆ. ತಾಯಿಯನ್ನು ಕೊಂದವನ ಹೆಸರನ್ನು ತಾಯಿಯ ಹೆಸರಿನೊಂದಿಗೆ ಒಂದೇ ಕಲ್ಲಿನಲ್ಲಿ ಓದಬೇಕು ಎಂದರೆ ಯಾರು ಸಹಿಸುತ್ತಾರೆ? ಆದರೂ ಫಲಕದವರ ಪರವಾಗಿ ಒಂದು ಮಾತು ಹೇಳಲೇಬೇಕು. ಮೂರು ದಶಕ ಈ ಜನರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಹೆಸರು, ಅದು ಜೋನ್ಸ್‌ನದು. ಪುಸ್ತಕಗಳಲ್ಲಿ, ಚಿತ್ರಗಳಲ್ಲಿ, ಊರಿನ ಹೆಸರಿನಲ್ಲಿ ಕೂಡ ಅವನೇ. ಕಲ್ಲಿನ ಮೇಲೆ ಅವನು 918ರಲ್ಲಿ ಒಬ್ಬ, ಅದೂ ಅಕ್ಷರಕ್ರಮದಲ್ಲಿ ಎಲ್ಲೋ ನಡುವೆ. ಬೇರೆಲ್ಲೂ ಅವನು ಇಷ್ಟು ಸಣ್ಣವನಾಗಿಲ್ಲ.

ಮೂರ್ ಮತ್ತು ಮೆಗೀ 1998ರಿಂದ ಪೀಪಲ್ಸ್ ಟೆಂಪಲ್‌ನ ಕಾಗದಪತ್ರ, ಧ್ವನಿಮುದ್ರಣ, ಸತ್ತವರ ಫೋಟೊ, ಉಳಿದವರ ಬರಹಗಳನ್ನು ಒಂದೆಡೆ ಸೇರಿಸುತ್ತ ಬಂದಿದ್ದಾರೆ. ಸುಮಾರು ಸಾವಿರ ಟೇಪುಗಳು ಎಫ್‌ಬಿಐ ಕೈಗೆ ಸಿಕ್ಕಿದ್ದವು. ಜೋನ್ಸ್‌ಟೌನ್‌ನಲ್ಲಿ ಸಿಕ್ಕ ಸಹಿಯಿಲ್ಲದ ಪತ್ರವೊಂದರಲ್ಲಿ, ಎಲ್ಲ ಟೇಪು ಎಲ್ಲ ಬರಹ ಕೂಡಿಡಿ, ನಮ್ಮ ಕಥೆಯನ್ನು ಮತ್ತೆ ಮತ್ತೆ ಪರಿಶೀಲಿಸಿ ಎಂಬ ಕೋರಿಕೆಯಿತ್ತು. ಕೊನೆಯ ಗಳಿಗೆಯಲ್ಲಿ ಬರೆದದ್ದು. ಆ ಕೋರಿಕೆಯನ್ನು ನೆರವೇರಿಸಿದ್ದು ಸರ್ಕಾರವಲ್ಲ, ಮನೆಯವರು.

ಗಯಾನಾದವರ ಗೋಳು ಬೇರೆ. ತಾವು ಮಾಡದ ಕೆಲಸಕ್ಕೆ ತಮ್ಮ ದೇಶದ ಹೆಸರು ಕೆಟ್ಟಿತು ಎಂಬ ಬೇಸರ ಅಲ್ಲಿ ಹಳೆಯದು. ಊರನ್ನು ಕಾಡು ನುಂಗಿತು. 2009ರಲ್ಲಿ ಒಂದು ಸ್ಮಾರಕ ಶಿಲೆ ನೆಟ್ಟರು. ಇತ್ತೀಚೆಗೆ ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಏರ್ಪಾಡು ಶುರುವಾಗಿ ಅದರ ಬಗ್ಗೆಯೂ ಜಗಳವಾಗಿದೆ. 2023ರಲ್ಲಿ ಕೀನ್ಯಾದ ಶಕಹೋಲಾ ಕಾಡಿನಲ್ಲಿ ಪಾದ್ರಿಯೊಬ್ಬನ ಅನುಯಾಯಿಗಳ ಗುಂಡಿಗಳನ್ನು ಅಗೆದಾಗ 400ಕ್ಕೂ ಹೆಚ್ಚು ಶವಗಳು ಸಿಕ್ಕವು. ಹಸಿದು ಸತ್ತರೆ ದೇವರನ್ನು ಕಾಣುತ್ತೀರಿ ಎಂಬ ಬೋಧನೆ. ಅಲ್ಲಿಯೂ ಮಕ್ಕಳ ದೇಹಗಳಿದ್ದವು. ಸುದ್ದಿಗಳಲ್ಲಿ ‘ಉಪವಾಸ ಮಾಡಿ ಸತ್ತರು’ ಎಂದು ಓದಿದಾಗ ನನಗೆ ಮತ್ತೆ ‘ಇಸು’ ಪ್ರತ್ಯಯ ನೆನಪಾಯಿತು.

ಮುದುಕಿಯ ಪ್ರಶ್ನೆ ಬಾಕಿ ಇದೆ. ಮನೆ ಮಾರಿ ಬಂದಿದ್ದಾಳೆ, ಪಾಸ್‌ಪೋರ್ಟ್ ಇಲ್ಲ, ಚೆಕ್ಕು ಅವರ ಕೈಯಲ್ಲಿದೆ, ಹೊರಗೆ ಕಾಡು, ಸುತ್ತ ಬಂದೂಕು, ಮೊಮ್ಮಗು ಆಗಲೇ ಸತ್ತಿದೆ, ಪ್ರಶ್ನೆ ಕೇಳಿದ ಒಬ್ಬಳನ್ನು ಊರೇ ಬಾಯಿ ಮುಚ್ಚಿಸಿದ್ದನ್ನು ನೋಡಿದ್ದಾಳೆ. ಲೋಟ ತಾನೇ ಎತ್ತಿದ್ದರೂ ನನ್ನ ಕನ್ನಡದಲ್ಲಿ ಅದು ‘ಕುಡಿಸಿದರು’. ನಂಬಿಕೆಯಿಂದಲೇ ಕುಡಿದವರೂ ಇದ್ದರು, ಇತರರಿಗೆ ಕುಡಿಸಿ ಕೊನೆಗೆ ತಾವೂ ಕುಡಿದವರೂ ಇದ್ದರು. ಅವರಿಗೆ ಬೇರೆ ಕ್ರಿಯಾಪದ ಬಳಸಲು ನನಗೆ ಅಡ್ಡಿಯಿಲ್ಲ. ಯಾರು ಯಾವ ಸಾಲಿಗೆ ಎಂದು ತಿಳಿಸಬಹುದಾಗಿದ್ದ ದೇಹಗಳು ಪರೀಕ್ಷೆಯಿಲ್ಲದೆ ಮಣ್ಣಾದವು.

2014ರ ಆಗಸ್ಟ್‌ನಲ್ಲಿ ಡೋವರ್‌ನಲ್ಲಿ ಮುಚ್ಚಿಹೋಗಿದ್ದ ಒಂದು ಶವಸಂಸ್ಕಾರ ಕೇಂದ್ರದ ಕಟ್ಟಡವನ್ನು ಅಧಿಕಾರಿಗಳು ಪರಿಶೀಲಿಸಿದರು. ಒಳಗೆ ಚಿತಾಭಸ್ಮದ 38 ಡಬ್ಬಗಳು ಸಿಕ್ಕವು. ಅವುಗಳಲ್ಲಿ ಒಂಬತ್ತು ಜೋನ್ಸ್‌ಟೌನ್‌ನವು. 1978ರ ಚಳಿಗಾಲದಿಂದ ಯಾರೂ ಕೇಳಿ ಬಂದಿರಲಿಲ್ಲ. ಜೊತೆಗಿದ್ದ ಮರಣಪತ್ರಗಳಲ್ಲಿ ಹೆಸರುಗಳು ಇದ್ದವು.